ನೀಲಿ ಕೊಳದ ರೀಲಿಗೆ ಉಧ್ನಾದಿಂದೊಂದು ಬಹಿರಂಗ ಪತ್ರ

ಜಲಚಿಕಿತ್ಸೆಯನ್ನು ಮೊಬೈಲಿನಲ್ಲೇ ಮನೆಮಾತಾಗಿಸಲು ಹೊರಟ ಮಹನೀಯರಿಗೆ,

ತಮ್ಮ ಅರ್ಧ ನಿಮಿಷದ ವಿಡಿಯೊ ಉಧ್ನಾ ತಲುಪಿದೆ. ಸೂರತ್ತಿನ ಈ ಭಾಗದಲ್ಲಿ ಪವರ್‌ಲೂಮುಗಳ ಸದ್ದಿಗೆ ಪಕ್ಕದವನ ಮಾತೇ ಕೇಳಿಸುವುದಿಲ್ಲವಾದ್ದರಿಂದ ತಾವು ಹಿನ್ನೆಲೆಗೆ ಹಾಕಿದ ಕೊಳಲು ದಂಡವಾಯಿತು. ಚಿತ್ರ ಮಾತ್ರ ಸೊಗಸಾಗಿತ್ತು: ನೀಲಿ ಕೊಳ, ಬಿಳಿ ಟವೆಲ್, ನಗುವ ಅಜ್ಜಿ. ಒಡಿಶಾದ ಗಂಜಾಂನಿಂದ ಬಂದು ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತೇ ಮಗ್ಗ ನೋಡಿಕೊಳ್ಳುವ ಕಾರ್ಮಿಕನೂ ಒಂದು ಲೈಕ್ ಒತ್ತಿದ್ದಾನೆ. ಅವನಿಗೆ ಸೊಂಟ ನೋವು, ಭುಜ ನೋವು. ಪಾಳಿ ಮುಗಿಸಿ ಅವನು ಮಲಗುವ ಚಾಪೆಯಿಂದ ಇನ್ನೊಂದು ಪಾಳಿಯವನು ಆಗಷ್ಟೇ ಎದ್ದಿರುತ್ತಾನೆ. ಕೊಳದ ಮಾತು ಆಮೇಲೆ.

ಚಿಕಿತ್ಸೆಯೇನೋ ಸುಳ್ಳಲ್ಲ. ಸೊಂಟದವರೆಗೆ ನೀರಿದ್ದರೆ ಕಾಲು ಹೊರಬೇಕಾದ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಕುತ್ತಿಗೆವರೆಗಿದ್ದರೆ ಹತ್ತರಲ್ಲೊಂದು ಪಾಲಿಗೆ. 33ರಿಂದ 35 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಬಿಗಿದ ಸ್ನಾಯು ಸಡಿಲವಾಗುತ್ತದೆ. ಲಕ್ವ ಹೊಡೆದವನು ನೆಲದ ಮೇಲೆ ಎತ್ತಲಾಗದ ಕೈಯನ್ನು ನೀರೇ ಎತ್ತಿಕೊಡುತ್ತದೆ. ಆಕ್ಯುಪೇಷನಲ್ ಥೆರಪಿಸ್ಟರ ನಿಜವಾದ ಪಾಡು ಇರುವುದು ಅದರ ಮುಂದೆ: ಆ ಕೈ ಒದ್ದೆ ಬಟ್ಟೆ ಕಳಚಬೇಕು, ಅಂಗಿಯ ಗುಂಡಿ ಹಾಕಬೇಕು, ಅನ್ನ ಕಲಸಬೇಕು, ಕಡೆಗೆ ಮಗ್ಗದಲ್ಲಿ ಕಡಿದ ನೂಲಿಗೆ ಗಂಟು ಹಾಕಬೇಕು. ತಮ್ಮ ಕ್ಯಾಮೆರಾ ಅಜ್ಜಿ ಕೊಳದ ಮೆಟ್ಟಿಲು ಹತ್ತುವ ಮೊದಲೇ ಕಣ್ಣು ಮುಚ್ಚಿದೆ. ಗುಂಡಿಯೊಂದನ್ನು ಹಾಕಲು ಒದ್ದಾಡುವುದನ್ನು ಯಾರು ಕೂತು ನೋಡುತ್ತಾರೆ ಹೇಳಿ!

ಈ ಪ್ರಚಾರದಲ್ಲಿ ತಾವೇ ಮೊದಲಿಗರೆಂಬ ಬಿಂಕ ಬೇಡ. ಕಾಲುಗಳ ಬಲ ಕಳೆದುಕೊಂಡಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನ ಬುಗ್ಗೆಗಿಳಿದಾಗ, ಅವರು ಈಜಿಯೇ ಗುಣವಾಗುತ್ತಾರೆಂಬ ಧಾಟಿಯಲ್ಲಿ ಅಟ್ಲಾಂಟಾದ ಪತ್ರಿಕೆಯೊಂದು ಬರೆಯಿತು. ಓದಿದ ಪೋಲಿಯೊ ರೋಗಿಗಳು ಕರೆಯದೆಯೇ ಬಂದಿಳಿದರು. ರೂಸ್‌ವೆಲ್ಟ್ ಫಾಲೋವರ್‌ಗಳನ್ನು ಎಣಿಸುತ್ತ ಕೂರಲಿಲ್ಲ. 1926ರಲ್ಲಿ ಆ ಜಾಗವನ್ನೇ ಕೊಂಡು, ವೈದ್ಯರನ್ನು ಕರೆಸಿ, ಮರುವರ್ಷ ಪ್ರತಿಷ್ಠಾನ ಕಟ್ಟಿದರು. ಆಮೇಲೆ ಅಮೆರಿಕದ ಅಧ್ಯಕ್ಷರೂ ಆದರು. ಆಸರೆಯಿಲ್ಲದೆ ನಡೆಯುವುದು ಮಾತ್ರ ಸಾಯುವವರೆಗೂ ಆಗಲಿಲ್ಲ. ಇದನ್ನು ಹ್ಯಾಷ್‌ಟ್ಯಾಗಿಗೆ ತುರುಕುವುದು ಕಷ್ಟ, ನಿಜ.

ಉಧ್ನಾಕ್ಕೆ ಬಿಸಿನೀರಿನ ಬರವೂ ಇಲ್ಲ. ಪಕ್ಕದ ಪಾಂಡೇಸರಾದ ಡೈಯಿಂಗ್ ಮಿಲ್ಲುಗಳು ಬಟ್ಟೆಗೆ ಬಣ್ಣ ಹಿಡಿಸಲು ಹಂಡೆಗಟ್ಟಲೆ ನೀರು ಕಾಯಿಸುತ್ತವೆ. ಪಾಲಿಯೆಸ್ಟರ್ ಸೀರೆಗೆ ನಡೆಯುವ ಈ ಉಪಚಾರ ಅದನ್ನು ನೇಯ್ದವನ ಭುಜಕ್ಕೂ ಬೇಕೆಂದರೆ ಮಾಲೀಕರು ನಕ್ಕಾರು. ಅವನ ಕೈಗೆಟುಕುವುದು ದಕ್ಷಿಣ ಗುಜರಾತಿನ ಉನಾಯಿ ಮಾತೆಯ ಗುಡಿಯ ಬಿಸಿನೀರಿನ ಕುಂಡ. ಅಲ್ಲಿ ಥೆರಪಿಸ್ಟರಿಲ್ಲ, ಸಬ್‌ಸ್ಕ್ರೈಬ್ ಆಗಿರೆಂದು ದೇವಿ ಪೀಡಿಸುವುದೂ ಇಲ್ಲ.

ಆರೋಗ್ಯದ ಬಗ್ಗೆ ಮಾತಾಡುವ ಇನ್‌ಫ್ಲುಯೆನ್ಸರ್‌ಗಳಿಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ: ವೈದ್ಯರಾಗಿದ್ದರೆ ಅರ್ಹತೆ ತಿಳಿಸಿ, ಅಲ್ಲದಿದ್ದರೆ ಇದು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಎದ್ದು ಕಾಣುವಂತೆ ಹೇಳಿ. ತಾವೂ ಹೇಳಿದ್ದೀರಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಅದನ್ನು ದೊಡ್ಡದು ಮಾಡುವಾಗ, ಹಸಿ ಗಾಯ, ಜ್ವರ, ಹತೋಟಿಗೆ ಬಾರದ ಮೂರ್ಛೆರೋಗ ಇದ್ದವರು ನೀರಿಗಿಳಿಯಬಾರದೆಂಬುದನ್ನೂ ಸೇರಿಸಿ. ಕಾಮೆಂಟಿನಲ್ಲಿ ‘ಒಂದು ಸಲಕ್ಕೆ ಎಷ್ಟು?’ ಎಂದು ಕೇಳಿದವರನ್ನು ಇನ್‌ಬಾಕ್ಸಿಗೆ ಕರೆಯುವ ಬದಲು ದರವನ್ನು ಅಲ್ಲೇ, ಎಲ್ಲರೆದುರು ಬರೆದುಬಿಡಿ. ಮಗ್ಗದವನು ಅದನ್ನು ತನ್ನ ಮೀಟರ್ ಲೆಕ್ಕದ ಕೂಲಿಯಿಂದ ಭಾಗಿಸಿ ನೋಡಿಕೊಳ್ಳುತ್ತಾನೆ.

ಇತಿ,
ಉಧ್ನಾದ ವೀಕ್ಷಕ ವೃಂದ