ಕಾಲು ಗುಂಟೆಯ ನಿಖರ ಕೃಷಿ

ಗಂಗಾವತಿ, ಸಿಂಧನೂರು ಕಡೆಯ ಭತ್ತಕ್ಕೆ ಈಗ ಜಾತಕದ ಕೊರತೆಯಿಲ್ಲ. ಪಹಣಿ ಇದೆ, ಫ್ರೂಟ್ಸ್ ಐಡಿ ಇದೆ, ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಗದ್ದೆಯ ಫೋಟೊ ಇದೆ. ಮೇಲಿಂದ ಯುರೋಪಿನ ಸೆಂಟಿನೆಲ್-2 ಉಪಗ್ರಹ ಹತ್ತು ಮೀಟರಿಗೊಂದು ಚುಕ್ಕಿ ಇಟ್ಟು, ಹೆಚ್ಚುಕಡಿಮೆ ಗುಂಟೆಗೊಂದರಂತೆ, ಹಸಿರನ್ನು ಎಣಿಸುತ್ತಿದೆ. ಯಾವ ಮಡಿ ಎಷ್ಟು ಭತ್ತ ಕೊಟ್ಟಿತು ಎಂಬುದೊಂದು ಮಾತ್ರ ಎಲ್ಲಿಯೂ ಇಲ್ಲ.

ಅದನ್ನು ಹೇಳಬೇಕಾದ್ದು ಕಟಾವು ಯಂತ್ರ. ಕಾಳಿನ ಹರಿವಿಗೆ ಒಂದು ಸೆನ್ಸರ್, ತೇವಕ್ಕೆ ಇನ್ನೊಂದು, ಜಾಗ ಗುರುತಿಸಲು ಜಿಪಿಎಸ್. ಮೂರೂ ಸೇರಿದರೆ ಇಳುವರಿ ನಕ್ಷೆ. ಹಾಗಂತ ಕಂಪನಿಯ ಕರಪತ್ರ. ಊರಿಗೆ ಬರುವ ಯಂತ್ರವೋ ಬಾಡಿಗೆಯದು, ಅದರ ಮೀಟರು ಎಣಿಸುವುದು ಗಂಟೆಯನ್ನು. ಸೆನ್ಸರ್ ಇದ್ದರೂ ತೂಕಕ್ಕೆ ತಾಳೆ ಹಾಕುವ ವ್ಯವಧಾನ ಯಾರಿಗಿದೆ? ಕೊಯ್ದ ತೆನೆಯ ಕಾಳು ಸೆನ್ಸರ್ ಮುಟ್ಟಲು ಕೆಲವು ಸೆಕೆಂಡು ಬೇಕು. ಆ ವಿಳಂಬವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆಚೆ ಮಡಿಯ ಭತ್ತ ಈಚೆ ಮಡಿಯ ಹೆಸರಿಗೆ ಬೀಳುತ್ತದೆ. ಸರ್ವೆ ನಂಬರು ಅದಲುಬದಲಾಗಲು ಕಚೇರಿಗೇ ಹೋಗಬೇಕೆಂದಿಲ್ಲ.

ಇನ್ನು ಫಸಲ್ ಬಿಮಾ. ಪರಿಹಾರದ ಲೆಕ್ಕಕ್ಕೆ ಇಳುವರಿ ಅಳೆಯುವ ಬೆಳೆ ಕಟಾವು ಪ್ರಯೋಗಕ್ಕೆ ಭತ್ತದಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ. ಅಂದರೆ ಕಾಲು ಗುಂಟೆ. ಮುಖ್ಯ ಬೆಳೆಗೆ ಪಂಚಾಯ್ತಿಗೆ ಕನಿಷ್ಠ 4 ಪ್ರಯೋಗ. ಕೂಡಿಸಿ, ಒಂದು ಗುಂಟೆಯಾಯಿತು. ಆ ಗುಂಟೆ ಚೆನ್ನಾಗಿ ಬೆಳೆದರೆ ಇಡೀ ಪಂಚಾಯ್ತಿ ಸುಭಿಕ್ಷ. ನಿಮ್ಮ ಎರಡೆಕರೆಗೆ ಬೆಂಕಿರೋಗ ಬಡಿದದ್ದು ನಿಮ್ಮ ಖಾಸಗಿ ವಿಚಾರ. ಚೌಕದ ತೂಕದಲ್ಲಿ ಒಂದು ಕಿಲೋ ಏರುಪೇರಾದರೆ ಎಕರೆ ಲೆಕ್ಕದಲ್ಲಿ 162 ಕಿಲೋ, ನಮ್ಮ 75 ಕಿಲೋ ಚೀಲದಲ್ಲಿ ಎರಡಕ್ಕೂ ಮಿಕ್ಕಿ. 2023ರ ಮುಂಗಾರಿನಿಂದ ಭತ್ತಕ್ಕೆ ಉಪಗ್ರಹವೇ ಮೊದಲಾದ ತಂತ್ರಜ್ಞಾನದ ಅಂದಾಜಿಗೂ ಶೇ 30ರ ಪಾಲು ಕೊಡುವ ಏರ್ಪಾಡು ಬಂದಿದೆ. ಸಂತೋಷ. ಆ ಅಂದಾಜು ಸರಿಯೋ ತಪ್ಪೋ ಎಂದು ನೋಡಲು ಮತ್ತೆ ನೆಲದ ಮೇಲಿನ ತಕ್ಕಡಿಯೇ ಬೇಕು.

ಖರೆ ತೂಕ ಇರುವುದು ದಲ್ಲಾಳಿ ಅಂಗಡಿಯ ಚೀಟಿಯಲ್ಲಿ, ಅದೂ ತೇವ, ಸೂಟು ಎಲ್ಲ ಕಳೆದ ಮೇಲೆ. ಯಾವ ಮಡಿಯ ಭತ್ತ ಎಂದು ಆ ಚೀಟಿಗೂ ಗೊತ್ತಿಲ್ಲ.

ನಿಖರ ಕೃಷಿಯ ಹೆಸರಲ್ಲಿ ಡ್ರೋನ್, ಚಂದಾ ಮಾರುವವರು ಮನೆಗೆ ಬಂದರೆ ಚಹಾ ಕೊಡಿ, ಸಹಿ ಹಾಕಬೇಡಿ. ಮೊದಲು ಈ ಸುಗ್ಗಿಯಲ್ಲಿ ಮಡಿಮಡಿಯ ಭತ್ತವನ್ನು ಬೇರೆಬೇರೆ ತೂಗಿಸಿ, ತೇವದ ಸಮೇತ ಬರೆದಿಡಿ. ನಾಲ್ಕು ಬೆಳೆ ಹೀಗೆ ಬರೆದರೆ ಯಾವ ಮಡಿಗೆ ಸುರಿದ ಯೂರಿಯಾ ದಂಡ ಎಂದು ನಿಮಗೇ ತಿಳಿಯುತ್ತದೆ, ವರ್ಷದ ಚಂದಾ ಕಟ್ಟದೆ.