ಹದಿನಾಲ್ಕನೇ ನಡೆಯ ಮರ್ಯಾದೆ

ಚದುರಂಗದಲ್ಲಿ ಕಾದಾಡದೆ ಅರ್ಧ ಪಾಯಿಂಟ್ ಒಯ್ಯಬೇಕೆ? ಬರ್ಲಿನ್ ರಕ್ಷಣೆ ಕಲಿಯಿರಿ. ಶುರುವಿಗೆ ಸ್ಪ್ಯಾನಿಷ್ ಓಪನಿಂಗಿನ ಠೀವಿ, ಹುಬ್ಬು ಗಂಟಿಕ್ಕಿದ ಚಿಂತನೆ. ಏಳನೇ ನಡೆಗೆ ಬಿಳಿಯವರು ಕಾಲಾಳನ್ನು ಎ4ಕ್ಕೆ ತಳ್ಳುತ್ತಾರೆ. ನೋಡುಗರ ಪಾಲಿಗೆ ಅದು ಕಪ್ಪು ಕುದುರೆಯ ಮೇಲೆ ದಾಳಿ. ಬಲ್ಲವರ ಪಾಲಿಗೆ, 'ಊಟಕ್ಕೆ ಏಳೋಣವೇ ಸ್ವಾಮಿ?' ಎದುರಿನವರು ಒಪ್ಪಿದರೆ ಎರಡು ಕಪ್ಪು ಕುದುರೆ, ಒಂದು ಬಿಳಿ ಕುದುರೆ, ಆಗಲೇ ಬಿದ್ದಿದ್ದ ಬಿಳಿ ಒಂಟೆಯ ಹಿಂದೆಯೇ ವೀರಸ್ವರ್ಗ ಸೇರುತ್ತವೆ. ನಾಲ್ಕು ಹೆಣವಾದರೂ ಬೀಳದೆ ಯುದ್ಧವೆಂದು ನಂಬಿಸುವುದು ಹೇಗೆ? ಆಮೇಲೆ ಬಿಳಿ ರಾಣಿ ಇ4ರಿಂದ ಚೆಕ್ ಕೊಡುತ್ತಾಳೆ, ಕಪ್ಪು ರಾಣಿ ಇ6ರಲ್ಲಿ ಅಡ್ಡ ನಿಲ್ಲುತ್ತಾಳೆ. ಇವಳು ಡಿ4ಕ್ಕೆ, ಅವಳು ಡಿ6ಕ್ಕೆ. ಮತ್ತೆ ಚೆಕ್, ಮತ್ತೆ ಅಡ್ಡ. ಒಂದೇ ಸ್ಥಿತಿ ಮೂರು ಸಲ ಬಂತು, 14 ನಡೆಗೆ ಡ್ರಾ. ಕೈಕುಲುಕಿ, ಸಹಿ ಹಾಕಿ.

2000ರಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ಇದೇ ಬರ್ಲಿನ್ ಗೋಡೆ ಕಟ್ಟಿ ಕಾಸ್ಪರೋವ್‌ಗೆ ಒಂದೂ ಗೆಲುವು ಸಿಗದಂತೆ ಮಾಡಿ ವಿಶ್ವಪಟ್ಟ ಕಿತ್ತುಕೊಂಡಿದ್ದರು. ಅಲ್ಲಿ ಬೆವರಿತ್ತು. ಈಗ ಉಳಿದಿರುವುದು ಕಂಠಪಾಠ. ಆಟಗಾರರು ಮಾತಾಡಿಕೊಂಡು ಡ್ರಾ ಮಾಡುತ್ತಾರೆಂದು 2005ರಲ್ಲಿ ಸೋಫಿಯಾದ ಟೂರ್ನಿಯವರು ಡ್ರಾ ಪ್ರಸ್ತಾವವನ್ನೇ ನಿಷೇಧಿಸಿದರು. ಆಟಗಾರರು ಬಾಯಿ ಮುಚ್ಚಿಕೊಂಡರು, ರಾಣಿಯರು ಮಾತಾಡಿಕೊಂಡರು.

ಈ ನಾಜೂಕಿಲ್ಲದೆ ಕೆಟ್ಟವರು ರಷ್ಯಾದ ದುಬೊವ್ ಮತ್ತು ನೆಪೊಮ್ನಿಯಾಚಿ. 2023ರ ಡಿಸೆಂಬರ್‌ನಲ್ಲಿ ಸಮರ್ಕಂಡ್‌ನ ವಿಶ್ವ ಬ್ಲಿಟ್ಸ್ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರೂ ಬರೀ ಕುದುರೆ ಕುಣಿಸಿದರು. ಒಂದು ಕಾಲಾಳೂ ಮಿಸುಕಲಿಲ್ಲ, ಒಂದು ಹೆಣವೂ ಬೀಳಲಿಲ್ಲ. 13 ನಡೆಗೆ ಡ್ರಾ. ಆಟದ ಮಾನ ಹೋಯಿತೆಂದು ಇಬ್ಬರಿಗೂ ಸೊನ್ನೆ! ಬರ್ಲಿನ್ನಿಗಿಂತ ಒಂದೇ ನಡೆ ಕಡಿಮೆ. ಮಾನವೆಲ್ಲ ಆ ಹದಿನಾಲ್ಕನೇ ನಡೆಯಲ್ಲೇ ಇದ್ದಿರಬೇಕು. ಕುಣಿತವನ್ನು ಯಾರಾದರೂ ಪುಸ್ತಕದಲ್ಲಿ ಅಚ್ಚುಹಾಕಿಸಿ, ಯಾವುದಾದರೂ ಊರಿನ ಹೆಸರಿಟ್ಟಿದ್ದರೆ ಅದೂ ಸಿದ್ಧಾಂತವೇ ಆಗುತ್ತಿತ್ತು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಬಾರದೇನು? ಮರುವರ್ಷ ಡಿಸೆಂಬರ್ 31ರಂದು ನ್ಯೂಯಾರ್ಕ್‌ನಲ್ಲಿ ಅದೇ ಟೂರ್ನಿಯ ಫೈನಲ್. ಕಾರ್ಲ್‌ಸನ್ ಮತ್ತು ನೆಪೊಮ್ನಿಯಾಚಿ 2-2 ಸಮ. ಗೆದ್ದವರಿಗೇ ಪಟ್ಟ ಎಂದು ಮುಂದುವರಿಸಿದ ಮೂರು ಆಟವೂ ಡ್ರಾ. ಹಂಚಿಕೊಂಡುಬಿಡುತ್ತೇವೆ ಎಂದರು ಕಾರ್ಲ್‌ಸನ್. ಹಾಗೇ ಆಗಲಿ ಎಂದಿತು ವಿಶ್ವ ಚದುರಂಗ ಒಕ್ಕೂಟ ಫಿಡೆ. ಅರ್ಧ ಪಾಯಿಂಟ್ ಹಂಚಿಕೊಂಡು ಸಿಕ್ಕಿಬಿದ್ದಿದ್ದ ನೆಪೊಮ್ನಿಯಾಚಿ ಈ ಸಲ ವಿಶ್ವಪಟ್ಟವನ್ನೇ ಹಂಚಿಕೊಂಡು, ಫೋಟೊಗೆ ನಿಂತರು.