ಬೈಟು ಮೀಮಾಂಸೆ: ಅರ್ಧ ಕಾಫಿ ಮತ್ತು ಹೊಲಿಸದ ರವಿಕೆ ಕಣ

ಶಾಸ್ತ್ರಗ್ರಂಥಗಳು ‘ಅಥ’ ಎಂದು ಶುರುವಾಗುತ್ತವೆ. ಹೋಟೆಲಿನ ಶಾಸ್ತ್ರ ‘ಏನಿದೆ?’ ಎಂದು ಶುರುವಾಗುತ್ತದೆ. ಈ ಪ್ರಶ್ನೆಗೆ ಮಾಣಿ ಇಡ್ಲಿಯಿಂದ ಜಾಮೂನಿನವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುವ ಪಾಠವನ್ನು ಕೊನೆಯ ಅಕ್ಷರದವರೆಗೂ ಗಂಭೀರವಾಗಿ ಕೇಳಿ, ಎರಡು ನಿಮಿಷ ಯೋಚಿಸಿ, ‘ಒಂದು ಕಾಫಿ, ಬೈಟು’ ಎನ್ನಬಲ್ಲವನೇ ಈ ಶಾಸ್ತ್ರಕ್ಕೆ ಅಧಿಕಾರಿ. ಮಿಕ್ಕ ಮೂರು ಅನುಬಂಧಗಳನ್ನೂ ಮೊದಲೇ ಹೇಳಿಬಿಡುವುದು ಪದ್ಧತಿ. ವಿಷಯ: ಕಿಸೆ ಹಗುರಾದಾಗ ಹೊರಗೆ ತಿನ್ನುವುದು ಹೇಗೆ, ಹಬ್ಬ ಬಂದಾಗ ಕೊಡುವುದು ಹೇಗೆ. ಪ್ರಯೋಜನ: ಮುಂದಿನ ಒಂದನೇ ತಾರೀಖಿನವರೆಗೆ ಮಾನ ಉಳಿಯುವುದು. ಸಂಬಂಧ: ಬೀಗರು, ಓರಗಿತ್ತಿಯರು, ಅತ್ತಿಗೆ, ನಾದಿನಿ ಇತ್ಯಾದಿ.

ಸಂಶೋಧನೆಯ ಕ್ಷೇತ್ರ ಬೆಂಗಳೂರು, ಅದರಲ್ಲೂ ಬಸವನಗುಡಿಯ ಸುತ್ತಮುತ್ತ. ಅವಧಿ, ಮದುವೆಯಾದಂದಿನಿಂದ. ಅನುದಾನ ಇಲ್ಲ. ಮಾರ್ಗದರ್ಶಕರು ನನ್ನಾಕೆ, ಪ್ರಬಂಧವನ್ನು ಆಕೆ ಇನ್ನೂ ಓದಿಲ್ಲ.

ಮೊದಲನೆಯ ಸೂತ್ರ: ಅರ್ಧದ್ವಯಂ ಪೂರ್ಣಾದಧಿಕಮ್. ಎರಡು ಅರ್ಧಗಳು ಒಂದು ಪೂರ್ಣಕ್ಕಿಂತ ಹೆಚ್ಚು. ಗಣಿತದ ಮೇಷ್ಟ್ರುಗಳು ಒಪ್ಪಲಿಕ್ಕಿಲ್ಲ. ಅವರನ್ನು ಯಾವುದಾದರೂ ದರ್ಶಿನಿಯ ಕಾಫಿ ಕೌಂಟರಿನ ಮುಂದೆ ತಂದು ನಿಲ್ಲಿಸಬೇಕು. ಬೈಟು ಎಂದೊಡನೆ ಕಾಫಿಯವನು ಎರಡು ಲೋಟ ಇಡುತ್ತಾನೆ, ಡಿಕಾಕ್ಷನ್ ಹಾಕುತ್ತಾನೆ, ಮೊಳದೆತ್ತರದಿಂದ ಹಾಲು ಬಿಡುತ್ತಾನೆ. ಅರ್ಧಕ್ಕೆ ಕೈ ನಿಲ್ಲಿಸುವುದು ಅವನ ಕಸುಬಿಗೇ ಅವಮಾನ. ನೊರೆ ಸೇರಿಸಿ ನನ್ನ ಲೆಕ್ಕದಲ್ಲಿ ಪ್ರತಿ ಲೋಟವೂ ಮುಕ್ಕಾಲು. ನನ್ನಾಕೆಯ ಲೆಕ್ಕದಲ್ಲಿ ಮೂರರಲ್ಲೆರಡು. ಯಾರ ಲೆಕ್ಕ ಹಿಡಿದರೂ ಮೊತ್ತ ಒಂದಕ್ಕಿಂತ ಮೇಲೆಯೇ. ಪೂರ್ಣದ ಬಗ್ಗೆ ಉಪನಿಷತ್ತಿನ ಶಾಂತಿಮಂತ್ರ ಹೇಳುವುದು ಅರ್ಥವಾಗದೆ ಒದ್ದಾಡುವವರು ಒಂದು ಸಂಜೆ ಈ ಕೌಂಟರಿನ ಹತ್ತಿರ ಬಂದು ಹೋಗಬಹುದು.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ. ‘ಹಾಗಿದ್ದರೆ ಬೈಟುವನ್ನೇ ಮತ್ತೆ ಬೈಟು ಮಾಡಿದರೆ? ಒಂದು ಕಾಫಿ ನಾಲ್ಕಾಗಿ, ನಾಲ್ಕು ಎಂಟಾಗಿ, ಇಡೀ ಜಯನಗರಕ್ಕೆ ಒಂದೇ ಕಾಫಿ ಸಾಲಬೇಕಲ್ಲ?’ ಇದಕ್ಕೆ ಅನವಸ್ಥಾ ದೋಷ ಎಂದು ಹೆಸರು. ತಾರ್ಕಿಕರು ಇದರ ಮೇಲೆ ಸಂಪುಟಗಟ್ಟಲೆ ಬರೆದಿದ್ದಾರೆ. ನಮ್ಮಲ್ಲಿ ಕ್ಯಾಷಿಯರು ಕನ್ನಡಕದ ಮೇಲಿಂದ ಒಮ್ಮೆ ನೋಡುತ್ತಾನೆ, ದೋಷ ಅಲ್ಲಿಗೇ ಪರಿಹಾರವಾಗುತ್ತದೆ.

ಬೈಟುವಿನಷ್ಟೇ ಸೂಕ್ಷ್ಮವಾದದ್ದು ‘ಡಿಪ್ಪಾ, ಸಪರೇಟಾ?’ ಎಂಬ ಪ್ರಶ್ನೆ. ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕೊಡಲೋ, ಸಾಂಬಾರನ್ನು ಬೇರೆ ಕೊಡಲೋ ಎಂದು ಅರ್ಥ. ದ್ವೈತಾದ್ವೈತದ ಜಗಳವೆಲ್ಲ ಈ ನಾಲ್ಕಡಿ ಕೌಂಟರಿನ ಮೇಲೆ ದಿನಕ್ಕೆ ಸಾವಿರ ಸಲ ತೀರ್ಮಾನವಾಗುತ್ತದೆ. ಮಿತವ್ಯಯದ ದೃಷ್ಟಿಯಿಂದ ನಾನು ದ್ವೈತಿ. ಮುಳುಗಿದ ಇಡ್ಲಿ ಸಾಂಬಾರನ್ನು ಕುಡಿದುಬಿಡುತ್ತದೆ, ಆಮೇಲೆ ಕೇಳಲು ಮುಖವಿರುವುದಿಲ್ಲ. ಸಪರೇಟ್ ಬಟ್ಟಲು ಖಾಲಿಯಾಗಿದ್ದು ಎಲ್ಲರಿಗೂ ಕಾಣುತ್ತದೆ. ಅದೇ ಒಂದು ಅರ್ಜಿ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಈ ಜಗಳಕ್ಕೇ ಕೈಹಾಕಿಲ್ಲ. ಅಲ್ಲಿ ಸಾಂಬಾರೇ ಇಲ್ಲ, ಚಟ್ನಿ ಮಾತ್ರ. ಎರಡು ಇಡ್ಲಿ ಹಿಡಿದು ಎಷ್ಟು ಸಲ ಚಟ್ನಿಯ ಕಡೆ ಹೋಗಿಬರಬಹುದೆಂಬುದು ಅವರವರ ಸಂಸ್ಕಾರಕ್ಕೆ ಬಿಟ್ಟದ್ದು. ಚೌಚೌ ಬಾತಿನ ಬಗ್ಗೆ ಬೇರೆಯೇ ಪ್ರಬಂಧ ಬೇಕು. ಒಂದೇ ತಟ್ಟೆಯಲ್ಲಿ ಖಾರಾಬಾತು ತಿಂಡಿಯಾಗಿ, ಕೇಸರಿಬಾತು ಸಿಹಿಯಾಗಿ ಬರುವುದರಿಂದ ‘ಸ್ವೀಟ್ ಏನು ತಗೋತೀರಿ?’ ಎಂಬ ಅಪಾಯಕಾರಿ ಪ್ರಶ್ನೆ ಹುಟ್ಟುವ ಮೊದಲೇ ಸತ್ತಿರುತ್ತದೆ.

ಹೋಟೆಲಿನಲ್ಲಿ ಅತ್ಯಂತ ದುಬಾರಿ ಪದಾರ್ಥ ಯಾವುದು? ಬಾದಾಮಿ ಹಲ್ವ ಎನ್ನುವವರು ಇನ್ನೂ ಬಾಲರು. ಕುರ್ಚಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ನಿಂತು ತಿನ್ನುವ ಪದ್ಧತಿ ಊರೆಲ್ಲ ಹಬ್ಬಿದಾಗ ಬಯಲಾದ ಸತ್ಯ ಇದು. ಕುರ್ಚಿ ತೆಗೆದರೆ ಮಾಣಿ ಬೇಡ, ಟಿಪ್ಸ್ ಬೇಡ, ಪಕ್ಕದ ಟೇಬಲಿನವರ ತಟ್ಟೆ ನೋಡಿ ಮಕ್ಕಳು ಹಟ ಹಿಡಿಯುವಷ್ಟು ಹೊತ್ತೂ ಇರುವುದಿಲ್ಲ. ಕಾಲು ನೋಯುವುದರೊಳಗೆ ಊಟ ಮುಗಿದಿರುತ್ತದೆ. ಕುರ್ಚಿಗೆ ಮೆತ್ತೆ ಸೇರಿದಂತೆ ದೋಸೆಯ ಬೆಲೆ ಏರುತ್ತದೆ, ದೀಪ ಮಂಕಾದಂತೆ ಇನ್ನೂ ಏರುತ್ತದೆ. ಒಂದೇ ಹೋಟೆಲಿನಲ್ಲಿ, ಒಂದೇ ಕಾವಲಿಯ ಮೇಲೆ ಹುಯ್ದ ದೋಸೆ, ಮಹಡಿ ಹತ್ತಿ ಎ.ಸಿ. ಹಾಲಿಗೆ ಹೋದರೆ ಬೇರೆ ದರ. ಎತ್ತರಕ್ಕೇರಿದ ವಸ್ತುವಿನಲ್ಲಿ ಸ್ಥಿತಿಶಕ್ತಿ ಸೇರಿಕೊಳ್ಳುತ್ತದೆಂದು ಹೈಸ್ಕೂಲಿನಲ್ಲಿ ಓದಿದ್ದೆ. ಅದನ್ನು ಬಿಲ್ಲಿನಲ್ಲಿ ತೋರಿಸುತ್ತಾರೆಂದು ಆಗ ಹೇಳಿರಲಿಲ್ಲ.

ನೆಂಟರನ್ನು ಸತ್ಕರಿಸುವ ವಿಧಿ ಚಿಕ್ಕದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ಶುಕ್ರವಾರ ರಜೆ. ‘ಬನ್ನಿ, ವಿದ್ಯಾರ್ಥಿ ಭವನದಲ್ಲಿ ಮಸಾಲೆ ದೋಸೆ ತಿನ್ನೋಣ’ ಎಂದು ಕರೆಯುವುದಕ್ಕೆ ಶುಕ್ರವಾರ ಪ್ರಶಸ್ತ. ಕದ ಹಾಕಿದ್ದು ನೋಡಿ ಇಬ್ಬರೂ ಮರುಗಬೇಕು. ಆಮೇಲೆ ಬೈಟು.

ಈ ಜ್ಞಾನವೆಲ್ಲ ಇದ್ದೂ ಸಂಶೋಧಕ ಒಮ್ಮೆ ಜಾರಿದ. ಮಗಳ ಮದುವೆ ನಿಶ್ಚಯವಾದ ಹೊಸತು. ಬೀಗರನ್ನು ಮಂಕು ದೀಪದ, ಮೆತ್ತೆ ಕುರ್ಚಿಯ ಒಂದು ಹೋಟೆಲಿಗೆ ಕರೆದೊಯ್ದ. ಕೂತ ಕೂಡಲೇ ಬಂದ ಪ್ರಶ್ನೆ: ‘ಸರ್, ರೆಗ್ಯುಲರ್ ವಾಟರ್ ಆರ್ ಮಿನರಲ್?’ ಇದು ನೀರಿನ ಪ್ರಶ್ನೆಯಲ್ಲ, ವಂಶದ ಪ್ರಶ್ನೆ. ಬೀಗರು ಗೋಡೆಯ ಚಿತ್ರ ನೋಡುತ್ತಿದ್ದರು, ಅಂದರೆ ಕೇಳಿಸಿಕೊಳ್ಳುತ್ತಿದ್ದರು. ನಾನು ‘ಮಿನರಲ್’ ಎಂದೆ. ಆಮೇಲಿನದೆಲ್ಲ ಇಳಿಜಾರು. ಕೊನೆಗೆ ಬಂದ ಬಿಲ್ಲಿನಲ್ಲಿ ದೇಶಕ್ಕೆ ಸಲ್ಲುವ 5% ಜಿ.ಎಸ್.ಟಿ. ಇತ್ತು, ಅದರ ಮೇಲಿನ ಸಾಲಿನಲ್ಲಿ ಸರ್ವಿಸ್ ಚಾರ್ಜ್ ತಣ್ಣಗೆ ಕೂತಿತ್ತು. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿ ಹಿಡಿದಿದೆ. ಎರಡೂ ನನಗೆ ಗೊತ್ತಿತ್ತು. ಆದರೆ ಬೀಗರ ಎದುರಿಗೆ ‘ಇದನ್ನು ತೆಗೀರಿ’ ಎನ್ನುವ ಧೈರ್ಯವನ್ನು ಯಾವ ಕೋರ್ಟೂ ಮಂಜೂರು ಮಾಡಲಾರದು. ಸೋಂಪನ್ನು ಮಾತ್ರ ಎರಡು ಸಲ ತೆಗೆದುಕೊಂಡೆ.

ಆ ಬಿಲ್ಲಿನ ನೆರಳಿನಲ್ಲೇ ಆ ವರ್ಷದ ಹಬ್ಬಗಳು ಬಂದವು. ನಷ್ಟವನ್ನು ಮುಚ್ಚಿಡದಿರುವುದೇ ಲೇಸು ಅನ್ನಿಸಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಗೆ ಮಿತಿ ಹಾಕಿದಾಗ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನವರು ಗುಣ ಇಳಿಸದೆ ಅದೇ ತಿಂಡಿ ಕೊಟ್ಟು, ದಿನದಿನದ ನಷ್ಟವನ್ನು ಹೊರಗೆ ಬರೆದು ಹಾಕುತ್ತಿದ್ದರಂತೆ. ನಾನೂ ಗೌರಿ ಹಬ್ಬದ ದಿನ ಬಾಗಿನದ ಖರ್ಚನ್ನು ಒಂದು ಹಲಗೆಯಲ್ಲಿ ಬರೆದು ಗೇಟಿಗೆ ತೂಗುಹಾಕಿದೆ. ಮಾರ್ಗದರ್ಶಕರು ಐದು ನಿಮಿಷದಲ್ಲಿ ತೆಗೆಸಿ, ಅದೇ ಹಲಗೆಯ ಮೇಲೆ ತರಕಾರಿ ಹೆಚ್ಚಿದರು. ಹೆಚ್ಚುತ್ತಲೇ ನನಗೆ ಶಾಸ್ತ್ರದ ಉತ್ತರಾರ್ಧವನ್ನು ಉಪದೇಶಿಸಿದರು.

ಎರಡನೆಯ ಸೂತ್ರ: ಅಸ್ಯೂತಂ ನ ನಶ್ಯತಿ. ಹೊಲಿಸದೆ ಇದ್ದದ್ದು ನಾಶವಾಗುವುದಿಲ್ಲ. ಉದಾಹರಣೆ, ರವಿಕೆ ಕಣ. ಅರಿಶಿನ ಕುಂಕುಮಕ್ಕೆ ಹೋದವರಿಗೆಲ್ಲ ಎಲೆ ಅಡಿಕೆ, ತೆಂಗಿನಕಾಯಿಯ ಜೊತೆ ಸಿಗುವ ಸುಮಾರು 80 ಸೆಂಟಿಮೀಟರಿನ ಬಟ್ಟೆ. ಇದರ ಬಣ್ಣ ಲೋಕದ ಯಾವ ಸೀರೆಗೂ ಹೊಂದುವುದಿಲ್ಲ. ಇದು ದೋಷವಲ್ಲ, ಲಕ್ಷಣ. ಹೊಂದಿದ್ದರೆ ಯಾರಾದರೂ ಹೊಲಿಸಿಬಿಡುತ್ತಿದ್ದರು, ಚಲನೆ ಅಲ್ಲಿಗೇ ನಿಲ್ಲುತ್ತಿತ್ತು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಬಂದಾಗ ಮಾತ್ರ ನಿಯಮ ಮುರಿಯುತ್ತದೆ. ಅದು ಬೀರುವಿಗೆ ಹೋಗುವುದಿಲ್ಲ, ನೇರ ದರ್ಜಿಯ ಹತ್ತಿರ ಹೋಗುತ್ತದೆ. ಮಿಕ್ಕವು ಸುತ್ತುತ್ತಿರುತ್ತವೆ. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳುವಂತೆ, ಕಣದ ವಯಸ್ಸನ್ನು ಮಡಿಕೆಯ ಗೆರೆ ಎಷ್ಟು ಬೆಳ್ಳಗಾಗಿದೆ ಎಂದು ನೋಡಿ ಹೇಳಬಹುದು. ನಮ್ಮ ಮನೆಯಲ್ಲಿರುವ ಒಂದು ಪಾಚಿ ಬಣ್ಣದ ಕಣ ನನ್ನ ಅಳಿಯನಿಗಿಂತ ದೊಡ್ಡದೆಂದು ಅಂದಾಜು.

ನ್ಯೂಗಿನಿಯ ಪಕ್ಕದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ‘ಕುಲ’ ಎಂಬ ಪದ್ಧತಿ ಇದೆಯೆಂದು ಮಲಿನೋವ್ಸ್ಕಿ 1922ರಲ್ಲಿ ದಪ್ಪ ಪುಸ್ತಕ ಬರೆದ. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣವಾಗಿ, ಬಿಳಿ ಚಿಪ್ಪಿನ ತೋಳುಬಳೆಗಳು ಅಪ್ರದಕ್ಷಿಣವಾಗಿ ಸಾಗುತ್ತವೆ. ಯಾರೂ ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ. ಅದಕ್ಕಾಗಿ ಜನ ದೋಣಿಯಲ್ಲಿ ಸಮುದ್ರ ದಾಟುತ್ತಾರೆ. ಮಲಿನೋವ್ಸ್ಕಿ ಮಲ್ಲೇಶ್ವರಕ್ಕೆ ಬಂದಿದ್ದರೆ ಅಷ್ಟು ದೂರದ ಪ್ರಯಾಣ ತಪ್ಪುತ್ತಿತ್ತು. ಇಲ್ಲಿ ಕಣಗಳು ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಹೋಗುತ್ತವೆ, ಸ್ಟೀಲ್ ಡಬ್ಬಿಗಳು ಮಲ್ಲೇಶ್ವರದಿಂದ ಬಸವನಗುಡಿಗೆ ಬರುತ್ತವೆ. ನಾವು ದಾಟಬೇಕಾದದ್ದು ಮೆಜೆಸ್ಟಿಕ್ಕನ್ನು; ಸಮುದ್ರ ವಾಸಿ.

ಈ ಚಲನೆಯ ಕೇಂದ್ರ ನಮ್ಮ ಮನೆಯ ಬೀರುವಿನ ಮೂರನೆಯ ಅಂತಸ್ತು. ಯಾವ ಕಣ ಯಾರ ಮನೆಯಿಂದ ಯಾವ ಹಬ್ಬಕ್ಕೆ ಬಂತು ಎಂಬ ಸೂಚಿ ಅಲ್ಲೆಲ್ಲೂ ಬರೆದಿಲ್ಲ. ಪೂರ್ತಿ ನನ್ನಾಕೆಯ ತಲೆಯಲ್ಲಿದೆ. ಒಮ್ಮೆ ಸಹಾಯ ಮಾಡಲು ಹೋಗಿ ಕೈಗೆ ಸಿಕ್ಕ ಒಂದನ್ನು ತೆಗೆದೆ. ‘ರೀ, ಅದನ್ನ ಮುಟ್ಟಬೇಡಿ. ಮಲ್ಲೇಶ್ವರದ ಅತ್ತಿಗೆ ಕೊಟ್ಟದ್ದು. ಇವತ್ತು ಬರ್ತಿರೋದು ಅತ್ತಿಗೆಯ ಓರಗಿತ್ತಿ. ಅತ್ತಿಗೆಗೆ ಕೊಟ್ಟದ್ದೇ ಅವರು!’ ಎಂದಳು. ಕೊಟ್ಟವರಿಗೇ ವಾಪಸು ಕೊಡಬಾರದೆಂಬುದು ಈ ಶಾಸ್ತ್ರದ ಏಕೈಕ ನಿಷೇಧ.

ಅಮೆರಿಕದ ಅರ್ಥಶಾಸ್ತ್ರಜ್ಞ ವಾಲ್ಡ್‌ಫೋಗೆಲ್ 1993ರಲ್ಲಿ ಕ್ರಿಸ್ಮಸ್ ಉಡುಗೊರೆಗಳ ಲೆಕ್ಕ ಹಾಕಿದ. ಕೊಟ್ಟವನು ತೆತ್ತ ಬೆಲೆಗೂ ಪಡೆದವನು ಕಟ್ಟುವ ಬೆಲೆಗೂ ಅಂತರವಿದ್ದು, ಹತ್ತರಲ್ಲೊಂದರಿಂದ ಮೂರರಲ್ಲೊಂದು ಭಾಗದವರೆಗೆ ಗಾಳಿಗೆ ಹೋಗುತ್ತದೆ ಎಂದ. ಪಾಪ, ಅವರ ದೇಶದಲ್ಲಿ ಸ್ವೆಟರು ಕೊಟ್ಟರೆ ಹಾಕಿಕೊಳ್ಳುತ್ತಾರೆ. ಯಾರೂ ಬೆಲೆಯನ್ನೇ ಕಟ್ಟದ, ಯಾರೂ ಉಪಯೋಗಿಸದ ವಸ್ತುವಿನಲ್ಲಿ ನಷ್ಟ ಎಲ್ಲಿಂದ ಬರಬೇಕು?

ಸಂಕ್ರಾಂತಿಯ ಎಳ್ಳು ಇನ್ನೂ ಶುದ್ಧವಾದ ಪ್ರಕರಣ. ಮನೆಯಿಂದ ಹತ್ತು ಪೊಟ್ಟಣ ಹೋಗುತ್ತವೆ, ಹತ್ತು ಪೊಟ್ಟಣ ಬರುತ್ತವೆ. ಲಾಭವೂ ಇಲ್ಲ, ನಷ್ಟವೂ ಇಲ್ಲ, ಮಗುವಿನ ಹೊಸ ಲಂಗ ಮಾತ್ರ ಬೀದಿಯಲ್ಲಿ ಮೆರೆದು ಬರುತ್ತದೆ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆಂಬ ಗ್ರೆಶಮ್ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗಲಾರದು. ಕೊಬ್ಬರಿ, ಕಡಲೆಕಾಯಿ ಬೀಜ ಧಾರಾಳವಾಗಿ ಹಾಕಿದ ಎಳ್ಳನ್ನು ಪಡೆದವರೇ ತಿಂದುಬಿಡುತ್ತಾರೆ. ಬರೀ ಹುರಿಗಡಲೆ ತುಂಬಿದ್ದು ಕೈಯಿಂದ ಕೈಗೆ ನಡೆಯುತ್ತಾ ರಥಸಪ್ತಮಿಯವರೆಗೂ ಬದುಕಿರುತ್ತದೆ.

ಇಷ್ಟಾದರೂ ಪ್ರಯೋಗವಿಲ್ಲದೆ ಸಿದ್ಧಾಂತ ನಿಲ್ಲದು. ಕಳೆದ ದೀಪಾವಳಿಗೆ ಬಂದ ಸೋನ್ ಪಾಪ್ಡಿಯ ಡಬ್ಬವೊಂದರ ತಳದಲ್ಲಿ ನೀಲಿ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಟ್ಟೆ. ನರಕ ಚತುರ್ದಶಿಯಂದು ಅದು ಪಕ್ಕದ ರಸ್ತೆಯ ಮನೆಗೆ ಹೋಯಿತು. ಟ್ರೋಬ್ರಿಯಾಂಡಿನ ಹಾರ ಹೊರಟಲ್ಲಿಗೆ ಮರಳಲು ವರ್ಷಗಳೇ ಬೇಕು. ನಮ್ಮ ಡಬ್ಬ ತುಳಸಿ ಹಬ್ಬದ ಸಂಜೆ, ಇನ್ನೊಬ್ಬರ ಕೈಯಲ್ಲಿ, ಹೊಸ ಬಣ್ಣದ ಕಾಗದ ಸುತ್ತಿಕೊಂಡು ಮನೆಗೆ ಬಂತು. ಕಾಗದ ಬಿಚ್ಚಿ ತಳ ನೋಡಿದೆ. ನನ್ನ ನೀಲಿ ಚುಕ್ಕೆ ಇತ್ತು. ಅದರ ಪಕ್ಕದಲ್ಲಿ ಹಸಿರು ಇಂಕಿನ ಒಂದು ಗುಣಾಕಾರ ಚಿಹ್ನೆ, ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ತಾರೀಖು. ಈ ಕ್ಷೇತ್ರದಲ್ಲಿ ನಾನೊಬ್ಬನೇ ಕೆಲಸ ಮಾಡುತ್ತಿದ್ದೇನೆಂದು ತಿಳಿದಿದ್ದದ್ದು ಅಹಂಕಾರ. ಪೆನ್ಸಿಲಿನ ತಾರೀಖು ನನ್ನ ಚುಕ್ಕೆಗಿಂತ ಒಂದು ವಾರ ಹಳೆಯದು.

ಡಬ್ಬವನ್ನು ನನ್ನಾಕೆ ಮರುದಿನವೇ ರಾಜಾಜಿನಗರಕ್ಕೆ ಕಳಿಸಿಬಿಟ್ಟಳು. ಹಸಿರು ಇಂಕಿನವರು, ಪೆನ್ಸಿಲಿನವರು ಇದನ್ನು ಓದುತ್ತಿದ್ದರೆ ದಯವಿಟ್ಟು ಯಾವುದಾದರೂ ದರ್ಶಿನಿಯಲ್ಲಿ ಸಿಕ್ಕಿ. ಲೆಕ್ಕ ತಾಳೆ ನೋಡೋಣ. ಮೂವರಿದ್ದೇವೆ, ಎರಡು ಕಾಫಿ ಸಾಕು.